ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇದೆ: ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಪತ್ತೆ ಮತ್ತು ನಿವಾರಣೆ

ದೋಷದ ಗುರುತು

ಉಸಿರಿನ ಮೂಲಕ ಕೊಡುವ ಅರಿವಳಿಕೆ ಆವಿ ಸೆವೋಫ್ಲೂರೇನ್ ಮೇಲೆ ಆಪರೇಷನ್ ಕೇಸ್ ನಡೆಯುತ್ತಿದೆ ಅಂದುಕೊಳ್ಳಿ. ಎಂಡ್ ಟೈಡಲ್ ಕಾರ್ಬನ್ ಡೈಆಕ್ಸೈಡ್, ಅಂದರೆ ಬಿಟ್ಟ ಉಸಿರಿನ ಕೊನೆಯಲ್ಲಿ ಅಳೆದದ್ದು, 37 ಎಂಎಂಎಚ್‌ಜಿ ಇದ್ದದ್ದು 44 ಆಗಿದೆ. ಎಲ್ಲರೂ ಮಾಡುವಂತೆ ನೀವೂ ವೆಂಟಿಲೇಟರ್ ದರವನ್ನು ಸ್ವಲ್ಪ ಏರಿಸುತ್ತೀರಿ. ನಾಲ್ಕೈದು ನಿಮಿಷದಲ್ಲಿ ಅದು ಇಳಿಯಬೇಕಿತ್ತು. ಇಳಿಯುವ ಬದಲು 49ಕ್ಕೆ ಹೋಗುತ್ತದೆ. ಇನ್ನೂ ಏರಿಸಿದರೆ 56. ಹೃದಯ ಬಡಿತ 80ರಿಂದ 115ಕ್ಕೆ ಬಂದಿದೆ. ತಾಪಮಾನ ನೋಡಿದರೆ 36.6, ಏನೂ ಆಗಿಲ್ಲ.

ಜನ ದಾರಿ ತಪ್ಪುವುದು ಈ ಕೊನೆಯ ಸಂಖ್ಯೆಯಿಂದಲೇ. ಮೈ ಬಿಸಿಯಾಗಿಲ್ಲ, ಹಾಗಾದರೆ ಅದಲ್ಲ ಬಿಡು ಅಂತ ಸುಮ್ನೆ ಕಾಯುತ್ತಾರೆ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಅಂದರೆ ಕೆಲವು ಅರಿವಳಿಕೆ ಔಷಧಿಗಳಿಗೆ ಕೆಲವರ ಸ್ನಾಯು ತೋರುವ ಪ್ರಾಣಾಪಾಯದ ಪ್ರತಿಕ್ರಿಯೆ, ಇನ್ನು ಮುಂದೆ ಎಂಎಚ್ ಅನ್ನೋಣ. ಅದರಲ್ಲಿ ಬಿಸಿ ಏರುವುದು ಎಷ್ಟೋ ಸಲ ತಡವಾಗಿ. ಒಮ್ಮೆ ಶುರುವಾದರೆ ಐದು ನಿಮಿಷಕ್ಕೆ 1ರಿಂದ 2 ಡಿಗ್ರಿ ಸೆಲ್ಸಿಯಸ್ ವೇಗದಲ್ಲಿ ಏರಬಹುದು. ಆ ಹೊತ್ತಿಗೆ ಸ್ನಾಯುಗಳು ಒಡೆಯಲು ಶುರುವಾಗಿರುತ್ತವೆ. ಆದ್ದರಿಂದ ಈ ಬರಹವನ್ನು ತಾಪಮಾನದಿಂದ ಶುರು ಮಾಡುತ್ತಿಲ್ಲ. ಉಸಿರಾಟ ಹೆಚ್ಚಿಸಿದರೂ ಇಳಿಯದ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಕಾರಣ ಗೊತ್ತಾಗದ ವೇಗದ ನಾಡಿ: ಇವೆರಡು ಒಟ್ಟಿಗೆ ಕಂಡರೆ ಗಡಿಯಾರ ನೋಡಿಕೊಳ್ಳಿ. ಹುಡುಕಾಟಕ್ಕೆ ಇರುವುದು ಕೆಲವೇ ನಿಮಿಷ.

ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲೀನ್ ಕೊಟ್ಟಿದ್ದರೆ ಇದೆಲ್ಲ ನಿಮಿಷಗಳಲ್ಲೇ ಆಗಬಹುದು. ಬರೀ ಸೆವೋಫ್ಲೂರೇನ್ ಅಥವಾ ಡೆಸ್‌ಫ್ಲೂರೇನ್ ಆದರೆ ಒಂದು ಗಂಟೆ ದಾಟಿದ ಮೇಲೂ ಶುರುವಾಗಬಹುದು. ಅಪರೂಪಕ್ಕೆ ರಿಕವರಿ ಕೋಣೆಯಲ್ಲೂ. 'ಇಷ್ಟು ಹೊತ್ತು ಏನೂ ಆಗಿಲ್ಲವಲ್ಲ' ಅನ್ನುವುದು ಇಲ್ಲಿ ಸಮಾಧಾನದ ಮಾತಲ್ಲ.

ಒಳಗೆ ಏನಾಗುತ್ತಿದೆ

ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಕೂಡಿಟ್ಟ ಚೀಲದಂಥ ಜಾಗವೊಂದಿದೆ. ಅದರ ಬಾಗಿಲು ರಯನೊಡೀನ್ ರಿಸೆಪ್ಟರ್. ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ, ಮುಚ್ಚಿದರೆ ಸಡಿಲಾಗುತ್ತದೆ. ಕೆಲವರಲ್ಲಿ ಈ ರಿಸೆಪ್ಟರ್‌ನ ಜೀನ್, ಅಂದರೆ ಆರ್‌ವೈಆರ್1, ಹುಟ್ಟಿನಿಂದಲೇ ಸ್ವಲ್ಪ ಬೇರೆ ಇರುತ್ತದೆ. ಕೆಲವು ಕುಟುಂಬಗಳಲ್ಲಿ ದೋಷ ಬೇರೆ ಜೀನ್‌ಗಳಲ್ಲಿರುತ್ತದೆ. ದಿನನಿತ್ಯದ ಬದುಕಿನಲ್ಲಿ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಹ್ಯಾಲೋಥೇನ್, ಐಸೋಫ್ಲೂರೇನ್, ಸೆವೋಫ್ಲೂರೇನ್, ಡೆಸ್‌ಫ್ಲೂರೇನ್‌ನಂಥ ಆವಿ ಔಷಧಿ ಅಥವಾ ಸಕ್ಸಿನೈಲ್‌ಕೋಲೀನ್ ಸಿಕ್ಕಾಗ ಮಾತ್ರ ಆ ಬಾಗಿಲು ಕೆಟ್ಟ ನಲ್ಲಿಯಂತಾಗುತ್ತದೆ, ತಿರುಗಿಸಿದರೂ ನಿಲ್ಲುವುದಿಲ್ಲ.

ಕ್ಯಾಲ್ಸಿಯಂ ಸೋರುತ್ತಲೇ ಇದ್ದರೆ ಅದನ್ನು ಒಳಗೆ ತುಂಬಿಸಲು ಜೀವಕೋಶ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತದೆ. ಆಮ್ಲಜನಕ ಬೇಗ ಖರ್ಚಾಗುತ್ತದೆ. ಕಾರ್ಬನ್ ಡೈಆಕ್ಸೈಡ್, ಲ್ಯಾಕ್ಟೇಟ್, ಬಿಸಿ ಹುಟ್ಟುತ್ತವೆ. ಕೊನೆಗೆ ಜೀವಕೋಶದ ಪೊರೆ ಒಡೆದು ಪೊಟ್ಯಾಸಿಯಂ ಮತ್ತು ಸ್ನಾಯುವಿನ ಪ್ರೋಟೀನ್ ಮಯೋಗ್ಲೋಬಿನ್ ರಕ್ತಕ್ಕೆ ಬರುತ್ತವೆ. ಈ ಸರಣಿ ತಲೆಯಲ್ಲಿದ್ದರೆ ಮಾನಿಟರ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಮಷಿನ್ ಕಡೆ ನೋಡಿ, ಆದರೆ ಬೇಗ

ಕಾರ್ಬನ್ ಡೈಆಕ್ಸೈಡ್ ಏರಿದ ಹೆಚ್ಚಿನ ಕೇಸುಗಳಲ್ಲಿ ಕಾರಣ ಎಂಎಚ್ ಆಗಿರುವುದಿಲ್ಲ. ಆದ್ದರಿಂದ ಸುಲಭದ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು, ಸರಿ. ಆದರೆ ಅದಕ್ಕೆ ಒಂದೆರಡು ನಿಮಿಷ ಸಾಕು.

ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್‌ನ ಅಲೆಯ ತಳ ನೋಡಿ. ಉಸಿರು ಒಳಗೆಳೆಯುವಾಗ ಗೆರೆ ಸೊನ್ನೆಗೆ ಮುಟ್ಟುತ್ತಿದೆಯಾ? ಮುಟ್ಟದೆ 4, 5, 8 ಅಂತ ಮೇಲೆ ತೇಲುತ್ತಿದ್ದರೆ ರೋಗಿ ಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡುತ್ತಿದ್ದಾರೆ. ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಮುಗಿದಿರಬಹುದು, ವಾಲ್ವ್ ಸಿಕ್ಕಿಕೊಂಡಿರಬಹುದು. ಫ್ರೆಶ್ ಗ್ಯಾಸ್ ಹರಿವು ಹೆಚ್ಚಿಸಿ ನೋಡಿ. ತಳ ಸೊನ್ನೆಗೆ ಇಳಿದು ಜೊತೆಗೆ ಎಂಡ್ ಟೈಡಲ್ ಸಂಖ್ಯೆಯೂ ಇಳಿದರೆ ದೋಷ ಸೋಡಾ ಲೈಮ್‌ನದ್ದೇ.

ತಳ ಸೊನ್ನೆಯಲ್ಲೇ ಇದ್ದು ತುದಿ ಮಾತ್ರ ಏರುತ್ತಿದ್ದರೆ ಎರಡೇ ದಾರಿ. ಒಂದೋ ಗಾಳಿ ಸರಿಯಾಗಿ ಹೋಗುತ್ತಿಲ್ಲ, ಇಲ್ಲವೇ ದೇಹ ಜಾಸ್ತಿ ಉತ್ಪಾದಿಸುತ್ತಿದೆ. ಮೊದಲನೆಯದಕ್ಕೆ ಎದೆ ಏಳುತ್ತಿದೆಯಾ, ಟೈಡಲ್ ವಾಲ್ಯೂಮ್, ಅಂದರೆ ಒಂದು ಉಸಿರಿನ ಗಾಳಿ, ಎಷ್ಟು ಹೋಗಿ ಎಷ್ಟು ಬರುತ್ತಿದೆ, ಟ್ಯೂಬ್ ಮಡಚಿದೆಯಾ, ಒಂದೇ ಶ್ವಾಸಕೋಶಕ್ಕೆ ಇಳಿದಿದೆಯಾ ಅಂತ ನೋಡಿ. ಎಲ್ಲ ಸರಿ ಇದ್ದರೆ ಉಳಿಯುವುದು ಎರಡನೆಯದು.

ಇಲ್ಲೊಂದು ಸಣ್ಣ ಪರೀಕ್ಷೆ. ಸೋಡಾ ಲೈಮ್ ಡಬ್ಬಿಯನ್ನು ಕೈಯಲ್ಲಿ ಮುಟ್ಟಿ ನೋಡಿ. ದೇಹದಿಂದ ವಿಪರೀತ ಕಾರ್ಬನ್ ಡೈಆಕ್ಸೈಡ್ ಬರುತ್ತಿದ್ದರೆ ಡಬ್ಬಿ ಚೆನ್ನಾಗಿ ಬಿಸಿಯಾಗಿರುತ್ತದೆ, ಹರಳುಗಳ ಬಣ್ಣ ಎಂದಿಗಿಂತ ಬೇಗ ನೇರಳೆಗೆ ತಿರುಗುತ್ತದೆ. ಹೊಸದಾಗಿ ತುಂಬಿದ ಡಬ್ಬಿ ಒಂದೇ ಕೇಸಿನ ಮಧ್ಯದಲ್ಲಿ ಬಣ್ಣ ಬದಲಿಸಿದರೆ 'ಕಳಪೆ ಮಾಲು' ಅಂತ ಬೈದು ಇನ್ನೊಂದು ತರಿಸುವ ಮೊದಲು ರೋಗಿಯನ್ನು ನೋಡಿ. ರೋಗಿಯ ಚರ್ಮಕ್ಕಿಂತ ಮೊದಲು ಡಬ್ಬಿ ಬಿಸಿಯಾದರೆ ಆಶ್ಚರ್ಯವಿಲ್ಲ.

ರೋಗಿಯ ಕಡೆಯ ಬೇರೆ ಕಾರಣಗಳು

ಅರಿವಳಿಕೆ ಸಾಲದೆ ಇರುವುದು ಎಲ್ಲಕ್ಕಿಂತ ಸಾಮಾನ್ಯ. ನಾಡಿ ಮತ್ತು ಬಿಪಿ ಎರಡೂ ಏರುತ್ತವೆ. ಆಗ ಕೈ ತಾನಾಗಿ ಆವಿ ಔಷಧಿ ಬಿಡುವ ವೇಪರೈಸರ್ ಕಡೆ ಹೋಗುತ್ತದೆ. ಎಂಎಚ್ ಅನುಮಾನ ಒಂದಿಷ್ಟಾದರೂ ಇದ್ದರೆ ಆ ಕೈಯನ್ನು ತಡೆಯಿರಿ. ಸೆವೋಫ್ಲೂರೇನ್ ಜಾಸ್ತಿ ಮಾಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಬದಲಿಗೆ ರಕ್ತನಾಳಕ್ಕೆ ಪ್ರೊಪೊಫಾಲ್ ಮತ್ತು ಫೆಂಟನಿಲ್ ಕೊಟ್ಟು ನೋಡಿ. ಅರಿವಳಿಕೆ ಸಾಲದೆ ಏರಿದ್ದರೆ ನಾಡಿ ಇಳಿಯುತ್ತದೆ. ಎಂಎಚ್ ಆಗಿದ್ದರೆ ಹೆಚ್ಚು ಬದಲಾವಣೆ ಕಾಣುವುದಿಲ್ಲ.

ಲ್ಯಾಪರೋಸ್ಕೋಪಿ ಕೇಸುಗಳು ಹೆಚ್ಚು ತಲೆ ಕೆಡಿಸುತ್ತವೆ. ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ರಕ್ತಕ್ಕೆ ಸೇರುತ್ತದೆ. ಚರ್ಮದ ಕೆಳಗೆ ಗ್ಯಾಸ್ ಹೊಕ್ಕಿದ್ದರೆ ಇನ್ನೂ ಜಾಸ್ತಿ. ಎದೆ, ಕತ್ತಿನ ಮೇಲೆ ಬೆರಳೊತ್ತಿ ನೋಡಿ, ಚರಚರ ಅನ್ನುತ್ತದೆಯಾ ಅಂತ. ಇಂಥ ಕಡೆ ಬ್ಲಡ್ ಗ್ಯಾಸ್ ತುಂಬ ಸಹಾಯ ಮಾಡುತ್ತದೆ. ಹೊರಗಿನಿಂದ ಬಂದ ಕಾರ್ಬನ್ ಡೈಆಕ್ಸೈಡ್ ಆದರೆ ಪಿಎಚ್ ಇಳಿದರೂ ಬೇಸ್ ಎಕ್ಸೆಸ್ (ರಕ್ತದಲ್ಲಿ ಕ್ಷಾರ ಎಷ್ಟು ಹೆಚ್ಚು ಕಡಿಮೆ ಅನ್ನುವ ಅಳತೆ) ಮತ್ತು ಲ್ಯಾಕ್ಟೇಟ್ ಸಾಮಾನ್ಯವಾಗಿ ಸರಿಯಾಗಿರುತ್ತವೆ. ಎಂಎಚ್‌ನಲ್ಲಿ ಉಸಿರಾಟದ ಆಮ್ಲತೆ ಜೊತೆಗೆ ದೇಹದೊಳಗಿನ ಆಮ್ಲತೆಯೂ ಸೇರಿಕೊಳ್ಳುತ್ತದೆ. ಪಿಎಚ್ 7.25ಕ್ಕಿಂತ ಕೆಳಗೆ, ಬೇಸ್ ಎಕ್ಸೆಸ್ ಮೈನಸ್ 8ಕ್ಕಿಂತ ಕೆಟ್ಟದ್ದು, ಜೊತೆಗೆ ಪೊಟ್ಯಾಸಿಯಂ 6 ದಾಟಿದ್ದು ಕಂಡರೆ ಅನುಮಾನ ಬಲವಾಗುತ್ತದೆ. ಒಂದು ಎಚ್ಚರ: ತೀರಾ ಆರಂಭದಲ್ಲಿ ತೆಗೆದ ಸ್ಯಾಂಪಲ್‌ನಲ್ಲಿ ಲ್ಯಾಕ್ಟೇಟ್ ಇನ್ನೂ ಏರಿರದೇ ಇರಬಹುದು. ಒಂದು ರಿಪೋರ್ಟ್ ಚೆನ್ನಾಗಿದೆ ಅಂತ ಕೈಬಿಡಬೇಡಿ, ಮತ್ತೆ ಕಳಿಸಿ.

ಕೈಕಾಲಿಗೆ ಬಿಗಿದ ಟೂರ್ನಿಕೆ ಪಟ್ಟಿ ಬಿಚ್ಚಿದಾಗ ಏರುವ ಕಾರ್ಬನ್ ಡೈಆಕ್ಸೈಡ್ ಕೆಲ ನಿಮಿಷದಲ್ಲಿ ತಾನೇ ಇಳಿಯುತ್ತದೆ. ಸೆಪ್ಸಿಸ್‌ನಲ್ಲಿ ಜ್ವರ, ವೇಗದ ನಾಡಿ ಇರುತ್ತವೆ, ಸ್ನಾಯು ಬಿಗಿ ಇರುವುದಿಲ್ಲ. ಅಡ್ರಿನಲ್ ಗ್ರಂಥಿಯ ಗಡ್ಡೆ ಫಿಯೋಕ್ರೋಮೋಸೈಟೋಮಾದಲ್ಲಿ ಬಿಪಿಯೇ ಆಕಾಶ ಮುಟ್ಟುತ್ತದೆ. ಥೈರಾಯ್ಡ್ ಬಿರುಗಾಳಿ, ಸೆರೊಟೋನಿನ್ ಸಿಂಡ್ರೋಮ್, ಹಾಸಿಗೆಯ ವಾರ್ಮರ್ ಮಿತಿಮೀರಿ ಬಿಸಿ ಮಾಡಿದ್ದು, ಇವೆಲ್ಲ ಪಟ್ಟಿಯಲ್ಲಿ ಇರಲಿ, ಆದರೆ ಒಂದೊಂದಕ್ಕೂ ಪರೀಕ್ಷೆ ಮುಗಿಯುವವರೆಗೆ ಕಾಯುವ ಹಾಗಿಲ್ಲ.

ಎಂಎಚ್ ಕಡೆಗೆ ಗಟ್ಟಿಯಾಗಿ ಬೆರಳು ತೋರಿಸುವ ಗುರುತೊಂದಿದೆ. ನರದ ಸಂದೇಶ ತಡೆದು ಸ್ನಾಯು ಸಡಿಲಿಸುವ ರೊಕುರೋನಿಯಂ ಕೊಟ್ಟಿದ್ದೀರಿ, ನರ್ವ್ ಸ್ಟಿಮ್ಯುಲೇಟರ್‌ನಲ್ಲಿ ಒಂದು ಮಿಡಿತವೂ ಇಲ್ಲ, ಆದರೂ ಕೈಕಾಲು ಮರದ ಹಾಗೆ ಬಿಗಿದಿವೆ. ನರದಿಂದ ಬರುವ ಸಂದೇಶ ಪೂರ್ತಿ ನಿಂತಿರುವಾಗ ಸ್ನಾಯು ಬಿಗಿದಿದೆ ಅಂದರೆ ದೋಷ ಸ್ನಾಯುವಿನೊಳಗೇ ಇದೆ. ಇದನ್ನು ಕಂಡ ಮೇಲೆ ನಾನಾದರೆ ಬೇರೇನೂ ಹುಡುಕುವುದಿಲ್ಲ. ಆದರೆ ಬಿಗಿ ಇಲ್ಲ ಅಂದಮಾತ್ರಕ್ಕೆ ಎಂಎಚ್ ಅಲ್ಲ ಅಂತಲೂ ಅಲ್ಲ. ಎಷ್ಟೋ ಕೇಸುಗಳಲ್ಲಿ ಬಿಗಿ ಕಾಣುವುದೇ ಇಲ್ಲ.

ದವಡೆ ತೆರೆಯುತ್ತಿಲ್ಲ

ಸಕ್ಸಿನೈಲ್‌ಕೋಲೀನ್ ಕೊಟ್ಟ ಮೇಲೆ ದವಡೆ ಸ್ವಲ್ಪ ಬಿಗಿಯಾಗುವುದು, ಅದರಲ್ಲೂ ಮಕ್ಕಳಲ್ಲಿ, ಅಪರೂಪವೇನಲ್ಲ. ಎರಡೂ ಕೈಯಲ್ಲಿ ಒತ್ತಿದರೂ ಬಾಯಿ ತೆರೆಯುವುದೇ ಇಲ್ಲ ಅನ್ನುವ ಸ್ಥಿತಿ ಬೇರೆ. ಅದು ಒಂದೆರಡು ನಿಮಿಷದಲ್ಲಿ ಸಡಿಲಾದರೂ ಸರಿ, ತುರ್ತಲ್ಲದ ಆಪರೇಷನ್ ಮುಂದೂಡಿ. ಮುಂದೂಡಲು ಆಗದಿದ್ದರೆ ಆವಿ ಔಷಧಿ ಮುಟ್ಟದೆ ಪ್ರೊಪೊಫಾಲ್‌ನಲ್ಲೇ ನಡೆಸಿ. ಆಮೇಲೆ ರೋಗಿಯನ್ನು ಮನೆಗೆ ಕಳಿಸದೆ ಕಾರ್ಬನ್ ಡೈಆಕ್ಸೈಡ್, ತಾಪಮಾನ, ಮೂತ್ರದ ಬಣ್ಣ ನೋಡುತ್ತಿರಿ. ಸಿಕೆ, ಅಂದರೆ ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವದ ಪರೀಕ್ಷೆ, ಮತ್ತೆ ಮತ್ತೆ ಕಳಿಸಿ. ಕೈಕಾಲು ಸಹ ಬಿಗಿದಿದ್ದರೆ ಅದನ್ನು ಎಂಎಚ್ ಅಂತಲೇ ಹಿಡಿದು ನಡೆಯಿರಿ.

ಇದನ್ನು ಇನ್ನೊಂದರ ಜೊತೆ ಕಲಸಬೇಡಿ. ನೋಡಲು ಆರೋಗ್ಯವಾಗಿರುವ ಪುಟ್ಟ ಹುಡುಗನಿಗೆ ಸಕ್ಸಿನೈಲ್‌ಕೋಲೀನ್ ಕೊಟ್ಟ ಕೂಡಲೇ ಹೃದಯ ನಿಂತರೆ, ಮೊದಲ ಅನುಮಾನ ಪತ್ತೆಯಾಗದ ಡುಶೇನ್ ಸ್ನಾಯು ಕ್ಷಯ, ಅದರಿಂದ ದಿಢೀರ್ ಏರಿದ ಪೊಟ್ಯಾಸಿಯಂ. ಅಲ್ಲಿ ಮೊದಲು ಬೇಕಾದದ್ದು ಕ್ಯಾಲ್ಸಿಯಂ ಇಂಜೆಕ್ಷನ್ ಮತ್ತು ಎದೆ ಒತ್ತುವುದು. ಕ್ಯಾಲ್ಸಿಯಂ ಸೋರಿಕೆ ತಡೆಯುವ ಎಂಎಚ್ ಔಷಧಿ ಡ್ಯಾಂಟ್ರೋಲೀನ್ ಹುಡುಕಿಕೊಂಡು ಓಡುವುದಲ್ಲ.

ಅನುಮಾನ ಗಟ್ಟಿಯಾದ ಕ್ಷಣ

ಖಚಿತವಾಗಲಿ ಅಂತ ಕಾಯಬೇಡಿ. ತಪ್ಪು ಅನುಮಾನದ ಮೇಲೆ ಡ್ಯಾಂಟ್ರೋಲೀನ್ ಕೊಟ್ಟರೆ ರೋಗಿಗೆ ಒಂದೆರಡು ದಿನ ಸ್ನಾಯು ನಿಶ್ಶಕ್ತಿ, ಕೊಟ್ಟ ರಕ್ತನಾಳದಲ್ಲಿ ಉರಿ. ಸರಿಯಾದ ಅನುಮಾನದ ಮೇಲೆ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಲೆಕ್ಕ ಸಾಕು: ಈ ಔಷಧಿ ಬರುವ ಮೊದಲು ಹತ್ತರಲ್ಲಿ ಏಳೆಂಟು ಜನ ಉಳಿಯುತ್ತಿರಲಿಲ್ಲ. 1975ರಲ್ಲಿ ದಕ್ಷಿಣ ಆಫ್ರಿಕಾದ ಅರಿವಳಿಕೆ ವೈದ್ಯ ಹ್ಯಾರಿಸನ್ ಹಂದಿಗಳಲ್ಲಿ ಇದರ ಪರಿಣಾಮ ತೋರಿಸಿದರು. 1979ರಲ್ಲಿ ಅಮೆರಿಕದಲ್ಲಿ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿತು. ಹಂದಿಗಳಲ್ಲೂ ಇದೇ ಜೀನ್ ದೋಷ ಇದೆ, ಅದಕ್ಕೇ ಆ ಪ್ರಯೋಗ ಅಷ್ಟು ಉಪಯೋಗಕ್ಕೆ ಬಂತು.

ಜೋರಾಗಿ ಹೇಳಿ: 'ಇದು ಎಂಎಚ್. ಸಹಾಯ ಬೇಕು. ಡ್ಯಾಂಟ್ರೋಲೀನ್ ತನ್ನಿ.' ಗೊಣಗಿಕೊಂಡರೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಯಾರೂ ಓಡುವುದಿಲ್ಲ. ಆಮೇಲೆ ಈ ಕ್ರಮದಲ್ಲಿ:

1. ವೇಪರೈಸರ್ ಮುಚ್ಚಿ, ಸಾಧ್ಯವಾದರೆ ಕಳಚಿ ಪಕ್ಕಕ್ಕಿಡಿ. ಸಕ್ಸಿನೈಲ್‌ಕೋಲೀನ್ ಮತ್ತೆ ಬೇಡ.
2. ನೂರಕ್ಕೆ ನೂರು ಆಮ್ಲಜನಕ, ನಿಮಿಷಕ್ಕೆ ಕನಿಷ್ಠ 10 ಲೀಟರ್ ಹರಿವು. ಉಸಿರಾಟ ಎಂದಿನ ಎರಡು, ಮೂರು ಪಟ್ಟು.
3. ಆವಿ ಹೀರುವ ಇದ್ದಿಲಿನ ಫಿಲ್ಟರ್ ಇದ್ದರೆ ಉಸಿರು ಹೋಗುವ, ಬರುವ ಎರಡೂ ಬಾಯಿಗೆ ಹಾಕಿ.
4. ಪ್ರೊಪೊಫಾಲ್ ಇನ್‌ಫ್ಯೂಷನ್ ಶುರು. ಸರ್ಜನ್‌ಗೆ ನಿಲ್ಲಿಸಿ ಅಥವಾ ಬೇಗ ಮುಗಿಸಿ ಅಂತ ಹೇಳಿ.
5. ಡ್ಯಾಂಟ್ರೋಲೀನ್ ಕೆಜಿಗೆ 2.5 ಮಿಗ್ರಾಂ, ಬೇಗ ಕೊಡಿ.

ಮಷಿನ್ ಬದಲಿಸುವ ಸಾಹಸಕ್ಕೆ ಇಳಿಯಬೇಡಿ. ಹೊಸ ಮಷಿನ್ ಎಳೆದು ತಂದು ಜೋಡಿಸುವ ಕೈಗಳು ಡ್ಯಾಂಟ್ರೋಲೀನ್ ಬೆರೆಸುವುದಕ್ಕೆ ಬೇಕು.

ಡ್ಯಾಂಟ್ರೋಲೀನ್: ನಿಧಾನವಾಗುವುದು ಇಲ್ಲೇ

ಪುಸ್ತಕದಲ್ಲಿ ಇದು ಒಂದು ಸಾಲು. ಓಟಿಯಲ್ಲಿ ಹಾಗಲ್ಲ. ಹಳೆಯ ಬಗೆಯ ವೈಯಲ್‌ನಲ್ಲಿ ಇರುವುದು ಬರೀ 20 ಮಿಗ್ರಾಂ, ಕಿತ್ತಳೆ ಬಣ್ಣದ ಪುಡಿ. ಒಂದೊಂದಕ್ಕೂ 60 ಮಿಲೀ ಸ್ಟೆರೈಲ್ ವಾಟರ್ ಹಾಕಿ ಕುಲುಕಬೇಕು, ದ್ರವ ತಿಳಿಯಾಗುವವರೆಗೆ. 70 ಕೆಜಿ ತೂಕದವರಿಗೆ ಮೊದಲ ಡೋಸ್ 175 ಮಿಗ್ರಾಂ. ಅಂದರೆ 9 ವೈಯಲ್, 540 ಮಿಲೀ ನೀರು, ಒಂಬತ್ತು ಸಲ ಚುಚ್ಚಿ, ಎಳೆದು, ಕುಲುಕುವ ಕೆಲಸ. ಒಬ್ಬರೇ ಕೂತು ಮಾಡಿದರೆ ಅಷ್ಟರಲ್ಲಿ ಪೊಟ್ಯಾಸಿಯಂ ಎಲ್ಲಿಗೋ ಹೋಗಿರುತ್ತದೆ. ಇದಕ್ಕೇ ಮೂರ್ನಾಲ್ಕು ಜನರನ್ನು ಮೀಸಲಿಡಿ. ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. ಎಲ್ಲ 9 ವೈಯಲ್ ಸಿದ್ಧವಾಗಲಿ ಅಂತಲೂ ಕಾಯಬೇಡಿ. ಕರಗಿದ್ದು ಕರಗಿದ ಹಾಗೆ ರೋಗಿಗೆ ಹೋಗಲಿ.

ನೀರೇ ಆಗಬೇಕು. ಸಲೈನ್ ಅಥವಾ ಡೆಕ್ಸ್ಟ್ರೋಸ್‌ನಲ್ಲಿ ಬೆರೆಸುವ ಹಾಗಿಲ್ಲ. ನೀರು ದೇಹದಷ್ಟು ಬೆಚ್ಚಗಿದ್ದರೆ ಬೇಗ ಕರಗುತ್ತದೆ. ಆದರೆ ಆ ಸ್ಟೆರೈಲ್ ವಾಟರ್ ಬ್ಯಾಗ್ ಡ್ರಿಪ್ ಸ್ಟ್ಯಾಂಡ್ ಹತ್ತಿರ ಬರಬಾರದು. ಗಡಿಬಿಡಿಯಲ್ಲಿ ಯಾರಾದರೂ ಅದನ್ನೇ ಏರಿಸಿದರೆ ರಕ್ತಕಣಗಳು ಒಡೆಯುತ್ತವೆ. ದೊಡ್ಡ ರಕ್ತನಾಳದಲ್ಲಿ ಕೊಡಿ. ದ್ರವ ಕ್ಷಾರೀಯ, ಹೊರಗೆ ಸೋರಿದರೆ ಚರ್ಮಕ್ಕೆ ಒಳ್ಳೆಯದಲ್ಲ.

ಹೊಸ ಬಗೆಯ ವೈಯಲ್‌ನಲ್ಲಿ 250 ಮಿಗ್ರಾಂ ಇದ್ದು ಬರೀ 5 ಮಿಲೀ ನೀರು ಸಾಕು. ಅದೇ 70 ಕೆಜಿ ರೋಗಿಗೆ ಮೂರೂವರೆ ಮಿಲೀ. ಯಾವ ಬಗೆ ನಿಮ್ಮ ಕಪಾಟಿನಲ್ಲಿದೆ ಅನ್ನುವುದು ಇವತ್ತೇ ಗೊತ್ತಿರಬೇಕು. ಎರಡರ ಲೆಕ್ಕ ಬೇರೆ ಬೇರೆ. ಇನ್ನೊಂದು ವ್ಯತ್ಯಾಸವೂ ಇದೆ. ಹಳೆಯ ವೈಯಲ್ ಒಂದೊಂದರಲ್ಲೂ 3 ಗ್ರಾಂ ಮ್ಯಾನಿಟಾಲ್ ಇದೆ, 9 ವೈಯಲ್‌ಗೆ 27 ಗ್ರಾಂ ಆಯಿತು. ಮೂತ್ರ ತಾನಾಗಿ ಹರಿಯುತ್ತದೆ, ಬೇಗ ಕ್ಯಾಥೆಟರ್ ಹಾಕಿ. ಹೊಸದರಲ್ಲಿ ಮ್ಯಾನಿಟಾಲ್ ತೀರಾ ಕಡಿಮೆ.

ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕಾರ್ಬನ್ ಡೈಆಕ್ಸೈಡ್ ಇಳಿಯಲು ಶುರುವಾಗುತ್ತದೆ, ನಾಡಿ ನಿಧಾನವಾಗುತ್ತದೆ, ಬಿಗಿ ಸಡಿಲಾಗುತ್ತದೆ. ಆಗದಿದ್ದರೆ ಡೋಸ್ ಮತ್ತೆ ಕೊಡಿ. ಸಾಮಾನ್ಯ ಮಿತಿ ಕೆಜಿಗೆ 10 ಮಿಗ್ರಾಂ, ಕೆಲವರಿಗೆ ಅದಕ್ಕಿಂತ ಜಾಸ್ತಿಯೂ ಬೇಕಾಗಬಹುದು. 70 ಕೆಜಿಗೆ ಆ ಮಿತಿ ಮುಟ್ಟಲು 35 ವೈಯಲ್ ಬೇಕು. ಓಟಿಯಲ್ಲಿ 36 ಇಟ್ಟಿರಿ ಅಂತ ಹೇಳುವ ಲೆಕ್ಕ ಬಂದದ್ದು ಇಲ್ಲಿಂದಲೇ. ಅಷ್ಟು ಕೊಟ್ಟರೂ ಚೂರೂ ಬದಲಾವಣೆ ಇಲ್ಲ ಅಂದರೆ ರೋಗ ನಿರ್ಣಯವನ್ನೇ ಮತ್ತೊಮ್ಮೆ ಯೋಚಿಸಿ.

ಡ್ಯಾಂಟ್ರೋಲೀನ್ ಇಲ್ಲವೇ ಇಲ್ಲ ಅಂದರೆ? ಕೈಚೆಲ್ಲಬೇಡಿ. ಔಷಧಿ ನಿಲ್ಲಿಸುವುದು, ಜೋರಾಗಿ ಉಸಿರಾಡಿಸುವುದು, ತಣ್ಣಗೆ ಮಾಡುವುದು, ಪೊಟ್ಯಾಸಿಯಂ ಇಳಿಸುವುದು ಎಲ್ಲವೂ ನಿಮ್ಮ ಕೈಯಲ್ಲೇ ಇದೆ. ಇವನ್ನು ಮಾಡುತ್ತಲೇ ಹತ್ತಿರದ ದಾಸ್ತಾನು ತರಿಸಿ, ಇಲ್ಲವೇ ಔಷಧಿ ಇರುವ ಕಡೆಗೆ ಸಾಗಿಸಲು ಸಿದ್ಧತೆ ನಡೆಸಿ.

ಪೊಟ್ಯಾಸಿಯಂ, ಬಿಸಿ, ಮೂತ್ರ

ಮೊದಮೊದಲು ಪ್ರಾಣಕ್ಕೆ ಹೆಚ್ಚು ಅಪಾಯ ತರುವುದು ಪೊಟ್ಯಾಸಿಯಂ. ಇಸಿಜಿಯಲ್ಲಿ ಟಿ ಅಲೆ ಚೂಪಾಗುವುದು, ಕ್ಯೂಆರ್‌ಎಸ್ ಅಗಲವಾಗುವುದು ಕಂಡರೆ ಲ್ಯಾಬ್ ರಿಪೋರ್ಟ್‌ಗೆ ಕಾಯಬೇಡಿ. ಕ್ಯಾಲ್ಸಿಯಂ ಕ್ಲೋರೈಡ್ ಕೆಜಿಗೆ 10 ಮಿಗ್ರಾಂ ಅಥವಾ ಗ್ಲುಕೋನೇಟ್ 30 ಮಿಗ್ರಾಂ. ದೊಡ್ಡವರಿಗೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಜೊತೆಗೆ 50 ಪರ್ಸೆಂಟ್ ಗ್ಲೂಕೋಸ್ 50 ಮಿಲೀ. ಸಕ್ಕರೆ ಮಟ್ಟ ಆಗಾಗ ನೋಡಿ. ಆಮ್ಲತೆ ತೀವ್ರವಾಗಿದ್ದರೆ ಬೈಕಾರ್ಬೊನೇಟ್. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಸೋರಿಯೇ ಈ ಗತಿ, ಈಗ ರಕ್ತಕ್ಕೂ ಕ್ಯಾಲ್ಸಿಯಂ ಕೊಡುವುದಾ ಅಂತ ಹಿಂಜರಿಯುವವರು ಇದ್ದಾರೆ. ಹೃದಯ ಉಳಿಸಲು ಬೇಕಾದರೆ ಕೊಡಲೇಬೇಕು.

ಲಯ ತಪ್ಪಿದರೆ ಅಮಿಯೊಡರೋನ್ ಬಳಸಬಹುದು. ವೆರಾಪಮಿಲ್, ಡಿಲ್ಟಿಯಾಜೆಮ್ ಮಾತ್ರ ಬೇಡವೇ ಬೇಡ. ಡ್ಯಾಂಟ್ರೋಲೀನ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.

ಒಳಗಿನ ತಾಪಮಾನ 39 ದಾಟಿದರೆ ತಣ್ಣನೆಯ ಸಲೈನ್ ಡ್ರಿಪ್, ಕಂಕುಳು ಮತ್ತು ತೊಡೆಸಂದಿಗೆ ಐಸ್, ಮೈಮೇಲಿನ ಹೊದಿಕೆ ತೆಗೆಯುವುದು. 38ಕ್ಕೆ ಬಂದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ಅತ್ತ ಕಡೆ ಜಾರಿ ಮೈ ತಣ್ಣಗಾಗುತ್ತದೆ. ಹಣೆಗೆ ಅಂಟಿಸಿದ ಪಟ್ಟಿಯನ್ನು ನಂಬಬೇಡಿ. ಅನ್ನನಾಳ ಅಥವಾ ಮೂಗಿನ ಹಿಂಭಾಗದ ಪ್ರೋಬ್ ಹಾಕಿ. ಅರ್ಧ ಗಂಟೆ ಮೀರುವ ಜನರಲ್ ಅರಿವಳಿಕೆಗೆಲ್ಲ ಈ ಪ್ರೋಬ್ ಮೊದಲೇ ಇರಬೇಕು ಅನ್ನುವುದು ನನ್ನ ಪಟ್ಟು.

ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಮಯೋಗ್ಲೋಬಿನ್. ಕಿಡ್ನಿ ಉಳಿಸಲು ಗಂಟೆಗೆ ಕೆಜಿಗೆ 1 ಮಿಲೀಗಿಂತ ಜಾಸ್ತಿ ಮೂತ್ರ ಬರುವಂತೆ ದ್ರವ ಕೊಡಿ. ತಾಪಮಾನ 41 ಮುಟ್ಟಿದವರಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಕೆಡುವ ಅಪಾಯ ಬಹಳ, ಅದರ ಪರೀಕ್ಷೆಗಳೂ ಹೋಗಲಿ.

ಇಳಿದದ್ದು ಮತ್ತೆ ಏರಿದರೆ

ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುತ್ತದೆ. ಆದ್ದರಿಂದ ಕನಿಷ್ಠ 24 ಗಂಟೆ ಐಸಿಯು. ಡ್ಯಾಂಟ್ರೋಲೀನ್ ಕೆಜಿಗೆ 1 ಮಿಗ್ರಾಂ, 4ರಿಂದ 6 ಗಂಟೆಗೊಮ್ಮೆ, ಅಥವಾ ಗಂಟೆಗೆ ಕೆಜಿಗೆ 0.25 ಮಿಗ್ರಾಂ ಇನ್‌ಫ್ಯೂಷನ್. ಸಿಕೆ ಕೂಡಲೇ ಏರುವುದಿಲ್ಲ, ದಿನ ಕಳೆದ ಮೇಲೆ ತುದಿ ಮುಟ್ಟುವುದೂ ಉಂಟು. ಹಾಗಾಗಿ 6ರಿಂದ 8 ಗಂಟೆಗೊಮ್ಮೆ ಕಳಿಸುತ್ತಿರಿ. ಕಾಲಿನ ಮೀನಖಂಡ ಗಟ್ಟಿಯಾಗಿ ಊದಿದೆಯಾ ಅಂತ ಕೈಯಲ್ಲಿ ಒತ್ತಿ ನೋಡಿ, ಊದಿದ ಸ್ನಾಯು ರಕ್ತಸಂಚಾರವನ್ನೇ ಒತ್ತಿ ಹಿಡಿಯುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಕಣ್ತಪ್ಪಿಸಬಹುದು. ರೋಗಿ ಎಚ್ಚರಾದ ಮೇಲೆ ಮೊದಲ ಸಲ ನಡೆಸುವಾಗ, ಉಣಿಸುವಾಗ ಜೊತೆಗೆ ಒಬ್ಬರಿರಲಿ. ಡ್ಯಾಂಟ್ರೋಲೀನ್‌ನಿಂದ ಕಾಲು ಕುಸಿಯಬಹುದು, ನುಂಗುವುದೂ ಕಷ್ಟವಾಗಬಹುದು.

ಮೊದಲೇ ಗೊತ್ತಿದ್ದರೆ

1960ರಲ್ಲಿ ಮೆಲ್ಬರ್ನ್‌ನ ವೈದ್ಯರಾದ ಡೆನ್‌ಬರೋ ಮತ್ತು ಲೊವೆಲ್ ಬರೆದ ಕೇಸ್ ಇಲ್ಲಿ ನೆನಪಾಗುತ್ತದೆ. ಕಾಲು ಮುರಿದುಕೊಂಡು ಬಂದ ಯುವಕನಿಗೆ ಕಾಲಿಗಿಂತ ಅರಿವಳಿಕೆಯದೇ ಭಯ. ಈಥರ್ ಕೊಟ್ಟಾಗ ಅವನ ಹತ್ತು ಮಂದಿ ಸಂಬಂಧಿಕರು ಸತ್ತಿದ್ದರು. ಹೊಸದಾಗಿ ಬಂದಿದ್ದ ಹ್ಯಾಲೋಥೇನ್ ಕೊಟ್ಟರು, ಅದರಲ್ಲೂ ಅದೇ ಆಯಿತು. ಬೇಗ ನಿಲ್ಲಿಸಿ ತಣ್ಣಗೆ ಮಾಡಿದ್ದರಿಂದ ಅವನು ಉಳಿದ. ರೋಗಿ ಹೆದರಿ ಹೇಳುವ ಮನೆತನದ ಕಥೆಯನ್ನು ಕೇಳಿಸಿಕೊಳ್ಳಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

'ಅಲರ್ಜಿ ಇದೆಯಾ' ಅಂತ ಕೇಳಿ ಮುಗಿಸಿದರೆ ಇದು ಹೊರಗೆ ಬರುವುದಿಲ್ಲ. ಹೀಗೆ ಕೇಳಿ: ಮನೆಯಲ್ಲಿ ಯಾರಾದರೂ ಆಪರೇಷನ್ ಟೇಬಲ್ ಮೇಲೆ ತೀರಿಹೋದದ್ದು ಉಂಟಾ? ಸಣ್ಣ ಆಪರೇಷನ್‌ಗೆ ಹೋಗಿ ಐಸಿಯು ಸೇರಿದ್ದು? ಬಿಸಿಲಲ್ಲಿ ಓಡಿ ಅಥವಾ ಜೋರು ವ್ಯಾಯಾಮ ಮಾಡಿ ಮೂತ್ರ ಕಪ್ಪಾದದ್ದು? ಸ್ನಾಯುವಿನ ಕಾಯಿಲೆ ಇರುವ ಮಕ್ಕಳು? ಸೆಂಟ್ರಲ್ ಕೋರ್ ಅನ್ನುವ ಹುಟ್ಟು ಸ್ನಾಯು ಕಾಯಿಲೆ ಇದ್ದವರನ್ನು ಎಂಎಚ್ ಅಪಾಯ ಇರುವವರು ಅಂತಲೇ ಭಾವಿಸಿ. 'ಹಿಂದೆ ಎರಡು ಆಪರೇಷನ್ ಆಗಿದೆ, ಏನೂ ಆಗಿಲ್ಲ' ಅನ್ನುವ ಮಾತಿಗೆ ಮರುಳಾಗಬೇಡಿ. ಹಲವು ಸಲ ಏನೂ ಆಗದೆ ಆಮೇಲಿನ ಸಲ ಎಂಎಚ್ ಆದವರು ಬೇಕಾದಷ್ಟು ಜನ ಇದ್ದಾರೆ.

ಅಪಾಯ ಇದೆ ಅಂತ ಗೊತ್ತಾದ ರೋಗಿಗೆ ಅರಿವಳಿಕೆ ಕೊಡುವುದು ಅಷ್ಟು ಕಷ್ಟವಲ್ಲ. ಸ್ಪೈನಲ್, ನರ್ವ್ ಬ್ಲಾಕ್, ಪ್ರೊಪೊಫಾಲ್, ಕೆಟಮಿನ್, ಮಿಡಜೋಲಮ್, ಫೆಂಟನಿಲ್, ರೊಕುರೋನಿಯಂ, ಅಟ್ರಾಕುರಿಯಂ, ನೈಟ್ರಸ್ ಆಕ್ಸೈಡ್ ಎಲ್ಲವೂ ಸುರಕ್ಷಿತ. ಲೋಕಲ್ ಅರಿವಳಿಕೆ ಯಾವುದಾದರೂ ಆಗಬಹುದು. ಮುಂಜಾಗ್ರತೆಗೆ ಅಂತ ಡ್ಯಾಂಟ್ರೋಲೀನ್ ಕೊಡುವ ಅಗತ್ಯವಿಲ್ಲ.

ತೊಂದರೆ ಕೊಡುವುದು ಮಷಿನ್. ಹಿಂದಿನ ಕೇಸಿನ ಆವಿ ಅದರ ಪ್ಲಾಸ್ಟಿಕ್, ರಬ್ಬರ್ ಭಾಗಗಳಲ್ಲಿ ಅಡಗಿರುತ್ತದೆ. ವೇಪರೈಸರ್ ಕಳಚಿ, ಸರ್ಕ್ಯೂಟ್, ಬ್ಯಾಗ್, ಸೋಡಾ ಲೈಮ್ ಹೊಸದು ಹಾಕಿ, ನಿಮಿಷಕ್ಕೆ 10 ಲೀಟರ್‌ನಲ್ಲಿ ತೊಳೆಯಬೇಕು. ಗುರಿ 5 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷದಲ್ಲಿ 5 ಭಾಗಕ್ಕಿಂತ, ಕಡಿಮೆ. ಹಳೆಯ ಸರಳ ಮಷಿನ್‌ಗೆ ಹತ್ತಿಪ್ಪತ್ತು ನಿಮಿಷ ಸಾಕಾದರೆ ಕೆಲವು ಹೊಸ ಮಷಿನ್‌ಗಳಿಗೆ ಒಂದೂವರೆ ಗಂಟೆ ಮೀರಿಯೂ ಬೇಕು. ನಿಮ್ಮ ಮಾದರಿಗೆ ಎಷ್ಟು ಅಂತ ಅದರ ಕೈಪಿಡಿಯಲ್ಲಿ ನೋಡಿ ಮಷಿನ್ ಮೇಲೆಯೇ ಬರೆದು ಅಂಟಿಸಿ. ಸರಿಯಾಗಿ ತೊಳೆದ ಮೇಲೂ ಹರಿವನ್ನು 2 ಲೀಟರ್‌ಗೆ ಇಳಿಸಿದರೆ ಅಡಗಿದ್ದ ಆವಿ ಮತ್ತೆ ಹೊರಬರುತ್ತದೆ. ಕೇಸ್ ಮುಗಿಯುವ ತನಕ ಹರಿವು 10ರಲ್ಲೇ ಇರಲಿ, ಇಲ್ಲವೇ ಇದ್ದಿಲಿನ ಫಿಲ್ಟರ್ ಹಾಕಿ. ಫಿಲ್ಟರ್ ಇದ್ದರೆ ಒಂದೆರಡು ನಿಮಿಷ ತೊಳೆದರೆ ಸಾಕು. ಸಕ್ಸಿನೈಲ್‌ಕೋಲೀನ್ ಆಂಪೂಲನ್ನು ಟ್ರೇಯಿಂದಲೇ ತೆಗೆದಿಡಿ, ಗಡಿಬಿಡಿಯಲ್ಲಿ ಕೈ ಅದರತ್ತ ಹೋಗಬಾರದು.

ರೋಗಿ ಮನೆಗೆ ಹೋಗುವ ಮೊದಲು

ಖಚಿತ ಪರೀಕ್ಷೆ ಎಂದರೆ ತೊಡೆಯ ಸ್ನಾಯುವಿನ ತುಣುಕು ತೆಗೆದು ಕೆಫೀನ್ ಮತ್ತು ಹ್ಯಾಲೋಥೇನ್‌ಗೆ ಅದು ಎಷ್ಟು ಬಿಗಿಯುತ್ತದೆ ಅಂತ ಅಳೆಯುವುದು. ತುಣುಕು ಜೀವಂತ ಇರಬೇಕು, ಹಾಗಾಗಿ ಆ ಸೌಲಭ್ಯ ಇರುವ ಕೇಂದ್ರಕ್ಕೇ ಹೋಗಬೇಕು, ಅದೂ ಘಟನೆಯಾಗಿ ಕೆಲವು ತಿಂಗಳು ಕಳೆದ ಮೇಲೆ. ಜೀನ್ ಪರೀಕ್ಷೆ ಸುಲಭ, ರಕ್ತ ಕೊಟ್ಟರೆ ಸಾಕು. ಗೊತ್ತಿರುವ ದೋಷ ಸಿಕ್ಕರೆ ವಿಷಯ ಖಚಿತ, ಅದೇ ದೋಷವನ್ನು ಮನೆಯವರಲ್ಲೂ ಹುಡುಕಬಹುದು. ಏನೂ ಸಿಗದಿದ್ದರೆ ಅಪಾಯ ಇಲ್ಲ ಅಂತ ಅರ್ಥವಲ್ಲ.

ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಆಗುವವರೆಗೆ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರನ್ನೂ ಅಪಾಯ ಇರುವವರು ಅಂತಲೇ ನೋಡಬೇಕು. ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಮನೆ ತಲುಪುವಷ್ಟರಲ್ಲಿ 'ಅರಿವಳಿಕೆ ಅಲರ್ಜಿಯಂತೆ' ಅಂತಾಗಿರುತ್ತದೆ. ಕಾಗದದ ಮೇಲೆ ಕೊಡಿ. ಯಾವ ದಿನ, ಯಾವ ಔಷಧಿ ಕೊಟ್ಟಾಗ, ಕಾರ್ಬನ್ ಡೈಆಕ್ಸೈಡ್ ಮತ್ತು ತಾಪಮಾನ ಎಲ್ಲಿಯವರೆಗೆ ಹೋದವು, ಪೊಟ್ಯಾಸಿಯಂ ಮತ್ತು ಸಿಕೆ ಎಷ್ಟಿತ್ತು, ಡ್ಯಾಂಟ್ರೋಲೀನ್ ಎಷ್ಟು ಕೊಟ್ಟೆವು, ಎಷ್ಟು ಹೊತ್ತಿಗೆ ಇಳಿಯಿತು. ಅದರ ಕೆಳಗೆ ಬೇಡದ ಔಷಧಿಗಳ ಹೆಸರು ಮತ್ತು ಕೊಡಬಹುದಾದ ಔಷಧಿಗಳ ಹೆಸರು, ಎರಡೂ. ಬೇಡದ ಪಟ್ಟಿ ಮಾತ್ರ ಕೊಟ್ಟರೆ ಮುಂದೆ ಹಲ್ಲು ಕೀಳಿಸಲು ಹೋದಾಗ ಲೋಕಲ್ ಇಂಜೆಕ್ಷನ್ ಕೊಡಲೂ ಹೆದರುತ್ತಾರೆ.